ನಯನಾಳ ಹೆಸರನ್ನು ಅಳಿಸಿದವರು ಯಾರು?

ಕಂಪ್ಯೂಟರ್ ತರಬೇತಿ ಕೇಂದ್ರದ ಮಾನ್ಯ ಮುಖ್ಯಸ್ಥರೇ,

ಚಾಮರಾಜನಗರದ ತಮ್ಮ ಕೋಡಿಂಗ್ ತರಗತಿಯಿಂದ ಉಡಿಗಾಲದ ನಯನಾಳ ಹೆಸರನ್ನು ಅಳಿಸಲಾಗಿದೆ. ಅಳಿಸಿದವರು ಯಾರು, ಏಕೆ ಎಂದು ಎಲ್ಲೂ ಬರೆದಿಲ್ಲ. ತಾವು ಕಲಿಸಿದ ಪಾಠವನ್ನೇ ತಮಗೆ ಒಪ್ಪಿಸುತ್ತೇನೆ, ಸಿಟ್ಟಾಗಬೇಡಿ. ಗಿಟ್ ಎಂಬ ವ್ಯವಸ್ಥೆಯಲ್ಲಿ ಕೋಡಿನ ಒಂದು ಸಾಲು ಅಳಿಸಿದರೂ ಅಳಿಸಿದವರ ಹೆಸರು ಉಳಿಯುತ್ತದೆ. ಕಾರಣ ಬರೆಯಬೇಕು. ಬೇಕೆಂದರೆ ಹಳೆಯದನ್ನು ವಾಪಸ್ ತರಬಹುದು. ಒಂದು ಅಲ್ಪವಿರಾಮಕ್ಕೆ ಇಷ್ಟು ಮರ್ಯಾದೆ. ಹಳ್ಳಿಯ ಹುಡುಗಿಗೆ ಅಷ್ಟೂ ಬೇಡವೇ?

ತಮ್ಮದೇ ಇನ್ನೊಂದು ನಿಯಮ: ಒಬ್ಬರು ಬರೆದ ಕೋಡನ್ನು ಜೊತೆಯವರು ಓದಿ, ತಪ್ಪು ಹೇಳಿ, ಒಪ್ಪಿಗೆ ಕೊಟ್ಟ ಮೇಲೆಯೇ ಅದು ಮುಖ್ಯ ಪ್ರತಿಗೆ ಸೇರಬೇಕು. ನನ್ನ ಜೊತೆಯವಳು ನಯನಾ. ನಲವತ್ತು ದಾಟಿದ ಮೇಲೆ ಇಪ್ಪತ್ತರ ಮಕ್ಕಳ ನಡುವೆ ಕಲಿಯಲು ಕೂತವಳು ನಾನು. ನಮ್ಮ ಕಡೆಯ ಬಸ್ಸುಗಳ ವೇಳೆ ತೋರಿಸುವ ಪುಟ ಬರೆದಾಗ, ದೊಡ್ಡವರ ಮನಸ್ಸು ನೋಯಿಸುವುದೇಕೆಂದು ಉಳಿದವರೆಲ್ಲ ‘ಸೂಪರ್ ಆಂಟಿ’ ಎಂದು ಬರೆದು ಎದ್ದುಹೋದರು. ನಯನಾ ಒಬ್ಬಳೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಅಕ್ಕಾ, ಈ ಬಸ್ಸು ಭಾನ್ವಾರ ಎಲ್ ಬತ್ತದೆ? ನಿನ್ ಪುಟ ನಂಬ್ಕಂಡ್ ಬಂದೋರು ರೋಡಲ್ಲೇ ನಿಂತ್ಕಬೇಕಾಯ್ತದೆ ಕಣಕ್ಕ. ತಗ್ದಾಕ್ಬುಡು ಅದ್ನ” ಎಂದಳು.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ. ನಾನು ಮಾಡಿದ ಕೆಲಸವನ್ನು ಅಷ್ಟು ಗಮನವಿಟ್ಟು ಯಾರಾದರೂ ನೋಡಿ ಎಷ್ಟೋ ವರ್ಷವಾಗಿತ್ತು. ಆ ತಪ್ಪು ತಿದ್ದುವಾಗ ನನಗೆ ಬಹಳ ಖುಷಿಯಾಗಿತ್ತು.

ಈಗ, ತಮ್ಮ ಕಚೇರಿಯವರು ಬರೀ ಬಾಯಿಮಾತಿನಲ್ಲಿ ಹೇಳುವ ಅವಳ ‘ಅಶಿಸ್ತಿ’ನ ವಿಚಾರ. ತೆರಕಣಾಂಬಿಯಲ್ಲಿ ನಾನು ಹತ್ತುವ ಬಸ್ಸೇ ಅವಳಿಗೂ ಗತಿ. ಉಡಿಗಾಲ ಬರುವಷ್ಟರಲ್ಲಿ ಅದು ತುಂಬಿರುತ್ತದೆ, ನಿಲ್ಲಿಸದೆ ಹೋಗುತ್ತದೆ. ಕೈ ತೋರಿಸುತ್ತ ನಿಂತ ಅವಳನ್ನು ಕಿಟಕಿಯಿಂದ ನೋಡಿದ್ದೇನೆ. ನಿಲ್ಲಿಸಿ ಎಂದು ಕೂಗಿದ್ದಕ್ಕೆ ಕಂಡಕ್ಟರು, “ಎಲ್ಲಿಗಮ್ಮ ಅತ್ತುಸ್ಕಳದು, ನನ್ ತಲೆ ಮ್ಯಾಲಾ?” ಅಂದರು. ಮುಂದಿನ ಬಸ್ಸಿಗೆ ಬಂದ ಅವಳ ಬೆರಳನ್ನು ತಮ್ಮ ಬೆರಳಚ್ಚಿನ ಹಾಜರಿ ಯಂತ್ರ ಪ್ರತಿ ಸಲವೂ ತಡ ಎಂದಿತು. ನನ್ನ ಬೆರಳು ಮಾತ್ರ ಶಿಸ್ತಿನದಾಯಿತು. ನಮ್ಮಿಬ್ಬರಲ್ಲಿ ವ್ಯತ್ಯಾಸವೇನು ಸ್ವಾಮಿ? ನನ್ನ ಊರು ಬಸ್ಸಿಗೆ ಮೊದಲು ಸಿಗುತ್ತದೆ, ಅಷ್ಟೇ.

ನನ್ನ ಕೋಡಿಗೆ ಒಪ್ಪಿಗೆ ಕೊಡಲು ಯಾರೂ ಇಲ್ಲವೆಂದು ಕಚೇರಿಗೆ ಹೋದರೆ, ತಮ್ಮ ಸಿಬ್ಬಂದಿ ಅಮೂಲ್ಯ ಸಲಹೆ ದಯಪಾಲಿಸಿದರು: “ಇನ್ನೊಂದು ಅಕೌಂಟ್ ಮಾಡ್ಕೊಳಿ ಮೇಡಂ, ನಿಮ್ದನ್ನ ನೀವೇ ಓಕೆ ಮಾಡ್ಕೊಳಿ.” ಮಾಡಲು ಕೂತೆ. ಹೆಸರು ಕೇಳಿತು. ಯಾರ ಹೆಸರು ಕೊಡಲಿ? ಮನೆಯಲ್ಲಿ ಗೋಡೆಯ ಜೊತೆ ಮಾತಾಡಿ ಸಾಕಾಗಿಯೇ ನಾನು ತರಗತಿಗೆ ಬಂದದ್ದು. ಇಲ್ಲಿಯೂ ನನಗೆ ನಾನೇ ಜೊತೆಯೇ? ಅಳು ಬಂತು, ಕಂಪ್ಯೂಟರ್ ಆರಿಸಿ ಎದ್ದುಬಂದೆ.

ನಯನಾಳನ್ನು ಮರಳಿ ಸೇರಿಸಿಕೊಳ್ಳಿ. ಅವಳು ತಡವಾಗಿ ಬರುತ್ತಾಳೆಂಬ ಚಿಂತೆ ತಮಗೆ ಬೇಡ. ಸೇರಿಸಿಕೊಂಡ ದಿನದಿಂದ ನಾನು ಉಡಿಗಾಲದಲ್ಲಿ ಇಳಿಯುತ್ತೇನೆ. ಇಳಿಯುವವರಿದ್ದರೆ ಬಸ್ಸು ನಿಲ್ಲಲೇಬೇಕಲ್ಲ. ನನ್ನ ಜಾಗಕ್ಕೆ ಅವಳು ಹತ್ತಲಿ. ಹಿಂದೆ ಬರುವ ಬಸ್ಸಿಗೆ ನಾನು ಬರುತ್ತೇನೆ. ಯಾರದಾದರೂ ಹೆಸರು ಅಳಿಸಲೇಬೇಕಿದ್ದರೆ ಆಗ ನನ್ನದನ್ನು ಅಳಿಸಿ.

ಇಂತಿ,
ಇಂದಿನವರೆಗೆ ಒಂದು ದಿನವೂ ತಡವಾಗದ
ಸುಂದ್ರಮ್ಮ, ತೆರಕಣಾಂಬಿ