ತೊಳೆಯಬಾರದಿದ್ದ ಬೇರು

ಗಾಜಿನ ಮನೆ, ತೊಳೆಯೋ ತೊಟ್ಟಿ ಪಕ್ಕ
ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಕ್ಕಾ,

ಅಂತೂ ಬೈಸ್ಕೊಂಡೆ ನೋಡು. ಅದನ್ನ ಆಮೇಲೆ ಹೇಳ್ತೀನಿ, ಮೊದ್ಲು ನಿನ್ನ ಮಂಡಿ ನೋವು ಹೇಗಿದೆ ಹೇಳು. ಅವಳಿ ಮೊಮ್ಮಕ್ಕಳು ಈಗ್ಲೂ ಪಾಳಿ ಹಾಕ್ಕೊಂಡು ಅಳ್ತಾವಾ? ಒಂದು ಮಲಗಿದ್ರೆ ಇನ್ನೊಂದು ಡ್ಯೂಟಿಗೆ ಹಾಜರ್ ಅಂತ ಬರೆದಿದ್ದೆಯಲ್ಲ, ಓದಿ ಒಬ್ಬನೇ ನಕ್ಕೆ. ಒಬ್ಬನೇ ನಗೋದು ಅಷ್ಟು ಚೆನ್ನಾಗಿರಲ್ಲ ಬಿಡು, ಗೋಡೆ ತಿರುಗಿ ನಗಲ್ಲ. ಮೂರು ತಿಂಗಳು ಬಾಣಂತನ ಮುಗಿಸಿ ಬರ್ತೀನಿ ಅಂತ ನಮ್ಮ ಮನೆ ಬಿಟ್ಟು ಹೋದವಳು, ಈಗ ಹತ್ತು ತಿಂಗಳಾಯ್ತು. ಮಗಳ ಮನೇಲೇ ಇದ್ದುಬಿಡ್ತೀನಿ, ಭಾನುವಾರ ಅಳಿಯ ಬರ್ತಾರೆ, ನನ್ನ ಟ್ರಂಕು ಕಟ್ಟಿಡು ಅಂದಿದ್ದೀಯ. ಆಗ್ಲಿ.

ಬೈಸ್ಕೊಂಡ ಕಥೆ ಏನಪ್ಪಾ ಅಂದ್ರೆ, ಇಲ್ಲಿ ಗಿಡಗಳ ಸಂಶೋಧನೆಗೆ ಬಂದಿರೋ ನಮ್ಮ ಹೊಸ ಮೇಡಂ ಹನ್ನೆರಡು ಕುಂಡದ ಗೋಧಿ ಗಿಡ ಕೊಟ್ಟು "ಮೆತ್ತಗೆ ಮಣ್ಣು ಉದುರಿಸಿಡಿ ಅಣ್ಣಾ" ಅಂದ್ರು. ಹದಿನೆಂಟು ವರ್ಷದಿಂದ ಇವರ ಅಳತೆ-ತೂಕಕ್ಕೆ ಬೇರು ತೊಳೆಯೋನು ನಾನು, ಬರೀ ಉದುರಿಸಿ ಸುಮ್ನಿರ್ತೀನಾ? ಹನ್ನೊಂದನ್ನ ಪಿಂಗಾಣಿ ತಟ್ಟೆ ತರ ಫಳಫಳ ಮಾಡಿ ಸಾಲಾಗಿ ಇಟ್ಟೆ. ಮೇಡಂ ನೋಡಿದವರೇ ತಲೆ ಮೇಲೆ ಕೈ ಹೊತ್ತು ಕೂತ್ರು. "ಅಯ್ಯೋ, ತೊಳೆದೇಬಿಟ್ರಾ? ನನಗೆ ಬೇಕಾಗಿದ್ದೇ ಆ ಕೊಳೆ!" ಎರಡು ತಿಂಗಳ ಕೆಲಸ ಚರಂಡಿ ಪಾಲಾಯ್ತು. ನನ್ನ ಮುಖ ನೋಡಿ ಪಾಪ ಅನ್ನಿಸ್ತೇನೋ, ಉಳಿದಿದ್ದ ಒಂದು ಬೇರಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ರು. ಬೇರಿನ ಮೈ ತುಂಬಾ ಕೂದಲು ಅಕ್ಕಾ, ಹಸುಗೂಸಿನ ಬೆನ್ನ ಮೇಲಿರುತ್ತಲ್ಲ ಅಂಥದ್ದು. ಅದಕ್ಕೆ ಅಂಟಿರೋ ಮಣ್ಣಲ್ಲಿ ಬ್ಯಾಕ್ಟೀರಿಯಾ ಗಿಜಿಗಿಜಿ. ಬೇರು ಒಂಥರಾ ಸಿಹಿ ರಸ ಬಿಡುತ್ತಂತೆ, ಅವು ತಿಂತಾವಂತೆ. ತಿಂದ ಋಣಕ್ಕೆ ಮಣ್ಣಲ್ಲಿ ಗಟ್ಟಿಯಾಗಿ ಕೂತಿರೋ ಸತ್ವ ಕರಗಿಸಿ ಕೊಡ್ತಾವಂತೆ. ಹದಿನೆಂಟು ವರ್ಷದಲ್ಲಿ ನಾನು ಎಷ್ಟು ಸಂಸಾರ ತೊಳೆದು ಚರಂಡಿಗೆ ಬಿಟ್ಟೆನೋ ದೇವರೇ ಬಲ್ಲ!

ಪಕ್ಕದಲ್ಲಿ ಇನ್ನೊಂದು ಕುಂಡ ಇತ್ತು. ಮಣ್ಣನ್ನ ಬೇಯಿಸಿ, ಒಂದು ಬ್ಯಾಕ್ಟೀರಿಯಾನೂ ಇಲ್ಲದ ಹಾಗೆ ಮಾಡಿ ಗಿಡ ನೆಟ್ಟಿದ್ದು. ಒಂಟಿಯಾಗಿ ಬದುಕುತ್ತಾ ಮೇಡಂ ಅಂದೆ. "ಬದುಕುತ್ತೆ ಅಣ್ಣಾ, ಬೇಕಾಗಿದ್ದೆಲ್ಲಾ ನಾವೇ ಹಾಕ್ತಾ ಇದ್ರೆ" ಅಂದ್ರು. ಈಚೆ ಬರೋ ಮುಂಚೆ ಆ ಕುಂಡಾನ ಇನ್ನೊಂದ್ಸಲ ನೋಡ್ಕೊಂಡು ಬಂದೆ.

ಮಗಳಿಗೆ ಮಾವನ ಆಶೀರ್ವಾದ. ಕೂಸುಗಳಿಗೆ ಎರಡೆರಡು ಮುತ್ತು, ಜಗಳ ಆಗದ ಹಾಗೆ ಸಮ ಹಂಚು. ನಿನ್ನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೀನಿ, ಎದ್ದೇಳು ಅನ್ನು.

ನಿನ್ನ ತಲೆಹರಟೆ ತಮ್ಮ

ತಾ.ಕ.: ಮಾಲಿ ಊಟಕ್ಕೆ ಕೂಗ್ತಿದ್ದಾನೆ, ಗಡಿಬಿಡೀಲಿ ಬರೀತಿದ್ದೀನಿ. ಹೋದ ಕಾಗದದಲ್ಲಿ ರಾಜನ ಹಾಗಿದ್ದೀನಿ, ನೀನು ಅಲ್ಲೇ ಇರು ಅಂದಿದ್ದೆನಲ್ಲ, ಸುಳ್ಳು. ಕೆಲಸ ಮುಗಿದ್ರೂ ಮನೆಗೆ ಹೋಗೋಕೆ ಕಾಲೇ ಬರಲ್ಲ ಅಕ್ಕಾ, ತೊಳೆದ ಕುಂಡಾನೇ ಮತ್ತೆ ತೊಳೀತಾ ಕೂತಿರ್ತೀನಿ. ಮಕ್ಕಳು ನಡೆಯೋ ತನಕ ಅಲ್ಲಿರು, ಬೇಡ ಅನ್ನಲ್ಲ. ಅಳಿಯನ್ನ ಮಾತ್ರ ಕಳಿಸ್ಬೇಡ. ಟ್ರಂಕು ಇಲ್ಲೇ ಇರ್ಲಿ. ಮತ್ತೆ ಕೂಗಿದ, ಹೊರಟೆ.