ಏರಿನಲ್ಲಿ ನಿಲ್ಲುವ ಕುದುರೆ

ಮಾರ್ಚ್ ೩, ಮಂಗಳವಾರ. ಬೆಳಿಗ್ಗೆ ೬.೧೦

ನಾಲ್ಕೂ ಕುದುರೆಗಳ ಮೈ ಉಜ್ಜಿ ಆಯಿತು. ಗೊರಸಿನ ಸಂದಿಯ ಕಲ್ಲು ತೆಗೆದೆ. ಜಂಬದಕೋಳಿ ಮಾತ್ರ ಹಿಂಗಾಲು ಕೊಡಲು ಎಂದಿನಂತೆ ಸತಾಯಿಸಿತು. ಕುದುರೆಗೆ ಕೋಳಿ ಎಂದು ಹೆಸರಿಟ್ಟವನು ಅಪ್ಪ, ಅದು ಕತ್ತೆತ್ತಿ ನಡೆಯುವ ಠೀವಿ ನೋಡಿ.

ಪಾರ್ಕಿನ ಕುದುರೆ ಸವಾರಿ ದಾರಿ ಇವತ್ತು ಮತ್ತೆ ಶುರು. ರಿಪೇರಿಗೆಂದು ಮುಚ್ಚಿ ಎಂಟು ತಿಂಗಳಾಗಿತ್ತು. ಮುಚ್ಚಿದ ಎರಡನೇ ತಿಂಗಳಿಗೆ ಅಪ್ಪ ತೀರಿಹೋದ. ಮೂವತ್ತಾರು ವರ್ಷ ಸವಾರಿ ಸಾಲಿನ ಮುಂದೆ ಅವನೇ. ಇನ್ನು ನಾನು. ಟಿಕೆಟ್ ಕಿಟಕಿಯಿಂದ ಜೀನಿನ ಮೇಲಕ್ಕೆ ಬಡ್ತಿ.

ಅದೇ ದಿನ, ಸಂಜೆ

ದಾರಿ ಗುರುತೇ ಸಿಗದಷ್ಟು ಚೆಂದ. ಕೊಂಬೆ ಸವರಿ, ಹೊಸ ಮಣ್ಣು ಹಾಕಿ, ರೋಲರ್ ಓಡಿಸಿದ್ದಾರೆ. ಬೇರುಗಳೆಲ್ಲ ಮಣ್ಣಿನಡಿ. ಆ ಬೇರುಗಳಿಗೆ ಅಪ್ಪ ನೆಂಟರ ಹೆಸರಿಟ್ಟಿದ್ದ. ಆರು ವರ್ಷದ ನನ್ನನ್ನು ಮುಂದೆ ಕೂರಿಸಿಕೊಂಡು, “ಇದು ನಿನ್ನ ಸೋದರತ್ತೆ, ಬಂದೋರಿಗೆಲ್ಲ ಅಡ್ಡಗಾಲು. ಇದು ನಿನ್ನ ದೊಡ್ಡಪ್ಪ, ಬಿದ್ದಲ್ಲೇ ಬಿದ್ದಿರ್ತಾನೆ” ಎನ್ನುತ್ತಿದ್ದ. ನಕ್ಕು ನಕ್ಕು ಜಾರಿದರೆ ಹಿಂದಿನಿಂದ ಒಂದು ಗದರಿಕೆ. “ಬೆನ್ನು ನೆಟ್ಟಗೆ! ನಿನ್ನ ಭಯ ಕುದುರೆಗೆ ಮೊದ್ಲು ಗೊತ್ತಾಗುತ್ತೆ, ನಿಂಗೆ ಆಮೇಲೆ.” ಸೋದರತ್ತೆಯನ್ನೂ ದೊಡ್ಡಪ್ಪನನ್ನೂ ಹುಡುಕಿದೆ ಇವತ್ತು. ಸಿಗಲಿಲ್ಲ. ಬೇಜಾರಾಯಿತು.

ಎರಡನೇ ತಿರುವಿನ ಏರಿನಲ್ಲಿ ಜಂಬದಕೋಳಿ ಗಕ್ಕನೆ ನಿಂತಿತು. ಹಿಮ್ಮಡಿ ಒತ್ತಿದೆ, ಬೇಡಿದೆ, ಬೈದೆ — ಊಹೂಂ. ಹಿಂದಿನ ಮೂರೂ ಕುದುರೆ ಒಂದರ ಮೇಲೊಂದು ಬಂದವು. ಒಬ್ಬ ಹೆಂಗಸು ಕಿರುಚಿದಳು. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹೊರಟಿತು, ಏನೂ ನಡೆದೇ ಇಲ್ಲವೇನೋ ಎಂಬಂತೆ.

ಮಾರ್ಚ್ ೫

ಮತ್ತೆ ಅಲ್ಲೇ. ದಿನಕ್ಕೆ ನಾಲ್ಕು ಸವಾರಿ, ನಾಲ್ಕು ಸಲವೂ. ಗಡಿಯಾರ ನೋಡಿದೆ. ಮೂರು ನಿಮಿಷ.

ಪಾರ್ಕಿನ ಆಫೀಸಿಗೆ ದೂರು ಹೋಗಿದೆ. ಸೂಪರ್‌ವೈಸರ್ ಲಾಯಕ್ಕೇ ಬಂದರು. “ನೋಡಮ್ಮ, ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ನಿಂಗೂ ಕಷ್ಟ, ನಂಗೂ ಕಷ್ಟ. ಮುಂದಿನ ವಾರ ಶನಿವಾರ ನಾನೇ ಹಿಂದೆ ಬರ್ತೀನಿ. ಆಗ್ಲೂ ನಿಂತ್ರೆ ಗಾಡಿಯವರಿಗೆ ಕೊಟ್ಬಿಡೋಣ. ಅವರು ಕೇಳ್ತಾನೇ ಇದಾರೆ.”

ಹದಿನೆಂಟು ವರ್ಷದ ಕುದುರೆ. ಗಾಡಿಗೆ ಕಟ್ಟಿದರೆ ಆರು ತಿಂಗಳು ಬದುಕೀತೆ? ಊಟ ಸೇರಲಿಲ್ಲ. ಅಮ್ಮನಿಗೆ ತಮಾಷೆ. “ಕುದುರೆ ಕಂಡ್ರೆ ಕಾಲ್ನೋವು ಅಂತಾರೆ. ಇಲ್ಲಿ ನಿನ್ನ ಕಂಡ್ರೆ ಕುದುರೇಗೇ ಕಾಲ್ನೋವು!”

ಮಾರ್ಚ್ ೭

ಲಾಳ ಹೊಡೆಯುವವರು ಬಂದಿದ್ದರು. ಅಪ್ಪನ ಕಾಲದ ಗೆಳೆಯ. ಕಾಲು ನೋಯುತ್ತಿದೆಯಾ ನೋಡಿ ಎಂದೆ. ನಾಲ್ಕೂ ಗೊರಸು ತಟ್ಟಿ ನೋಡಿದರು.

“ಕಾಲು ಕಲ್ಲಿನ ಹಾಗಿದೆ. ಎಲ್ಲಿ ನಿಲ್ಲುತ್ತೆ ಅಂದೆ?”

ಎರಡನೇ ತಿರುವು ಎಂದೆ. ಅವರು ಸುತ್ತಿಗೆ ಕೆಳಗಿಟ್ಟರು.

“ಅಲ್ಲಿ ನಿಲ್ಲಿಸ್ತಿದ್ದದ್ದು ನಿಮ್ಮಪ್ಪ ಕಣಮ್ಮ. ಕಡೇ ಎರಡು ವರ್ಷ. ಏರು ಹತ್ತುವಾಗ ಎದೆ ಹಿಡ್ಕೊಳ್ತಿತ್ತು. ಹಿಂದಿನವರಿಗೆ, ಮೇಲೆ ನೋಡಿ, ಹಕ್ಕಿ ಇದೆ ಅಂತಿದ್ದ. ಅವರೆಲ್ಲ ಮೇಲೆ ನೋಡೋ ಹೊತ್ತಿಗೆ ಇವನು ಉಸಿರು ಎಳ್ಕೊಳ್ತಿದ್ದ.”

“ನಂಗ್ಯಾಕೆ ಹೇಳ್ಲಿಲ್ಲ?”

“ಮಾತು ತಗೊಂಡಿದ್ದ.”

ಅವರ ಮೇಲೆ ಕೂಗಾಡಿದೆ. ತಪ್ಪು ಅವರದಲ್ಲ. ಅಪ್ಪನ ಕಾಯಿಲೆ ನಮಗೆ ಗೊತ್ತಾಗಿದ್ದು ಕೊನೆಯ ಮೂರು ವಾರ. ಆ ಎರಡು ವರ್ಷ ನಾನು ಟಿಕೆಟ್ ಕಿಟಕಿಯಲ್ಲಿ ಕೂತು, “ಏನಪ್ಪಾ, ದಿನಾ ಲೇಟು? ಮುಂದಿನವರು ಕಾಯ್ತಿದಾರೆ” ಎಂದು ಗದರುತ್ತಿದ್ದೆ. ಅವನು ನಗುತ್ತಿದ್ದ. ಅಮ್ಮನಿಗೆ ಹೇಳಲಿಲ್ಲ.

ಮಾರ್ಚ್ ೧೨

ನಾಲ್ಕು ದಿನ ಬರೆಯಲಿಲ್ಲ. ಬೆಳಿಗ್ಗೆ ಐದೂವರೆಗೇ ದಾರಿಯ ಮೇಲೆ, ನಾನು ಮತ್ತು ಕೋಳಿ. ಲಾಳದವರು ಹೇಳಿಕೊಟ್ಟ ಉಪಾಯ — ಏರಿಗೆ ಮುಂಚೆಯೇ ಓಟ ಹಿಡಿಸು, ದಾಟಿ ಹತ್ತು ಹೆಜ್ಜೆಗೆ ಕ್ಯಾರೆಟ್. ಮೊದಲ ದಿನ ಒಮ್ಮೆಯೂ ಆಗಲಿಲ್ಲ. ನಿನ್ನೆ ಎಂಟಕ್ಕೆ ಐದು. ಇವತ್ತು ಎಂಟಕ್ಕೆ ಎಂಟು.

ಭೇಷ್ ಎಂದು ಕತ್ತು ತಟ್ಟಿದೆ. ತಟ್ಟುತ್ತಲೇ ಅತ್ತೆ. ಅಪ್ಪ ಅಲ್ಲಿ ನಿಲ್ಲುತ್ತಿದ್ದ ಎನ್ನುವುದಕ್ಕೆ ಈ ಪ್ರಾಣಿಯೊಂದೇ ಸಾಕ್ಷಿ. ಅದನ್ನೂ ನಾನೇ ಅಳಿಸುತ್ತಿದ್ದೇನೆ. ಅಳಿಸದಿದ್ದರೆ ಗಾಡಿ. ಬೇರೆ ದಾರಿಯಿಲ್ಲ.

ಮಾರ್ಚ್ ೧೪, ಶನಿವಾರ

ನಿಲ್ಲಲಿಲ್ಲ! ಒಂದು ಕಿವಿ ಮಾತ್ರ ಆ ಕಡೆ ತಿರುಗಿತು. ಸೂಪರ್‌ವೈಸರ್ ಇಳಿದು, “ಪರವಾಗಿಲ್ಲ ಕಣಮ್ಮ, ಅಪ್ಪನ ಮಗಳೇ” ಎಂದರು. ಕೋಳಿ ಇಲ್ಲೇ ಉಳಿಯಿತು. ನೆಮ್ಮದಿ.

ಮಾರ್ಚ್ ೨೨, ಭಾನುವಾರ

ಕೊನೆಯ ಸವಾರಿ ಮುಗಿಯುವ ಹೊತ್ತಿಗೆ ಅಮ್ಮ ಬಂದಳು. ಜನ್ಮದಲ್ಲಿ ಕುದುರೆ ಹತ್ತಿದವಳಲ್ಲ. “ಅವರ ದಾರಿ ನಂಗೂ ತೋರ್ಸು” ಎಂದಳು. ಸ್ಟೂಲ್ ಇಟ್ಟು, ಹಿಂದಿನಿಂದ ನೂಕಿ ಹತ್ತಿಸಿದೆ. “ಮೂಟೆ ಎತ್ತೋ ಹಾಗೆ ಎತ್ತಬೇಡ್ವೇ!” ಹಗ್ಗ ಹಿಡಿದು ಪಕ್ಕದಲ್ಲಿ ನಡೆದೆ.

ಎರಡನೇ ತಿರುವು. ಅಮ್ಮ ನನ್ನ ಭುಜ ಮುಟ್ಟಿದಳು. “ನಿಲ್ಸು. ಇಲ್ಲೇ ಅಲ್ವಾ ಅವರು ಸುಧಾರಿಸ್ಕೊಳ್ತಿದ್ದದ್ದು?”

“ನಿಂಗೆ ಗೊತ್ತಿತ್ತಾ?”

“ನಲವತ್ತನಾಲ್ಕು ವರ್ಷ ಪಕ್ಕದಲ್ಲಿ ಮಲಗಿದೋಳಿಗೆ ಉಸಿರು ಕೇಳ್ಸಲ್ವೇನೇ? ಕೇಳಿದ್ದಕ್ಕೆ ಈ ತಿರುವಿನ ವಿಷ್ಯ ಬಾಯಿಬಿಟ್ರು. ನಿಂಗೆ ಹೇಳಿದ್ರೆ ಕುದುರೆಯಿಂದ ಇಳಿಸಿಬಿಡ್ತೀಯ ಅಂತ ಹೆದರ್ತಿದ್ರು. ಇಳಿಸ್ತಿದ್ದೆ ತಾನೆ?”

ಇಳಿಸುತ್ತಿದ್ದೆ.

“ನಿಲ್ಸು. ಒಂದು ನಿಮಿಷ ಇಲ್ಲಿ ಕೂತಿರ್ತೀನಿ.”

ಹಗ್ಗ ಎಳೆದೆ. ಕೋಳಿ ನಿಲ್ಲಲಿಲ್ಲ. ನನ್ನನ್ನೂ ಎಳೆದುಕೊಂಡು ಏರು ದಾಟಿ, ಹತ್ತು ಹೆಜ್ಜೆ ಆಚೆ ನಿಂತು ಕ್ಯಾರೆಟ್‌ಗೆ ಕತ್ತು ಚಾಚಿತು. ನಾನೇ ಕಲಿಸಿದ್ದು.

ತಿರುಗಿಸಿಕೊಂಡು ಹೋದೆ. ಮತ್ತೆ ದಾಟಿತು. ಇನ್ನೊಮ್ಮೆ. ಮತ್ತೆ ದಾಟಿತು. ಅಮ್ಮ ಜೀನಿನ ಮೇಲೆ ಹಿಂದಕ್ಕೆ ಹೊರಳಿ ಆ ಜಾಗವನ್ನೇ ನೋಡುತ್ತಾ, “ಒಂದೇ ಒಂದು ನಿಮಿಷ ಕಣೇ...” ಎಂದಳು. ನಾಲ್ಕನೇ ಸಲ ಎರಡೂ ಕೈಯಲ್ಲಿ ಲಗಾಮು ಹಿಡಿದು, ಕುದುರೆಯ ಎದೆಗೆ ಅಡ್ಡ ನಿಂತೆ. ಕೋಳಿ ನಿಂತಿತು, ನಾನು ಅಮ್ಮನಿಗೆ, “ಮೇಲೆ ನೋಡು, ಹಕ್ಕಿ ಇದೆ” ಎಂದೆ.