ಹ್ಯಾರ್ಲನ್ ಮನೆಯ ಹಂದಿ

ಜುಲೈ 8, ಬೆಳಿಗ್ಗೆ
ಫ್ರೀಜರ್ ತೊಳೆದೆ. ತಳದಲ್ಲಿ ಹೋದ ವರ್ಷದ ಹಂದಿಮಾಂಸದ ಕೊನೆ ಪೊಟ್ಟಣ. ಹುರಿದು ತಿಂದೆ. ಹನ್ನೆರಡು ವರ್ಷದಿಂದ ಹೀಗೇ — ಕೌಂಟಿ ಜಾನುವಾರು ಮೇಳದಲ್ಲಿ ಊರ ಮಕ್ಕಳು ಸಾಕಿದ ಹಂದಿಯನ್ನು ಹರಾಜಿನಲ್ಲಿ ಕೊಳ್ಳುವುದು, ವರ್ಷವಿಡೀ ತಿನ್ನುವುದು. ಅಂಗಡಿ ಮಾಂಸಕ್ಕೆ ಊರೂ ಇಲ್ಲ, ಹೆಸರೂ ಇಲ್ಲ.

ಮೇಳದ ಕಮಿಟಿಯಿಂದ ಕಾಗದ. ಈ ಸಲ ನನಗೆ ಹರಾಜಿನಲ್ಲಿ ಕೂಗಲು ಬಿಡ್ ನಂಬರ್ ಕೊಡುವುದಿಲ್ಲವಂತೆ. ನಾನು ಕೈ ಎತ್ತಬಾರದೆಂದು ಅವರು ಕೈ ಎತ್ತಿದ್ದಾರೆ.

ಜುಲೈ 9
ತಪ್ಪು ನನ್ನದೇ. ಹೋದ ವರ್ಷ ಪಕ್ಕದ ಹೊಲದ ಹ್ಯಾರ್ಲನ್ ಕಾಫಿಗೆ ಎದ್ದುಹೋದಾಗ ಹರಾಜಿನಲ್ಲಿ ಅವನ ನಂಬರ್ ಕಾರ್ಡ್ ಮೇಲೆತ್ತುತ್ತಾ ಕೂತೆ. ನಾನು ಆಡಿದ್ದು ಆಟ, ಅವನಿಗೆ ಬಂದದ್ದು ಆಡು. ಮೂರು! ಆಡಿನ ಮಾಂಸ ಅವನು ಮುಟ್ಟುವುದಿಲ್ಲ, ಕಡಿಸಲು ಮನಸ್ಸೂ ಬರಲಿಲ್ಲ. ಸಾಕಿಕೊಂಡಿದ್ದಾನೆ. ಅದರಲ್ಲೊಂದು ಅವನ ಟ್ರ್ಯಾಕ್ಟರಿನ ಸೀಟು ತಿಂದಿದೆಯಂತೆ. ಅಂದಿನಿಂದ ಮಾತಿಲ್ಲ.

ಜುಲೈ 17
ಬ್ರಿಟಾ ಬಂದಿದ್ದಳು. ಹ್ಯಾರ್ಲನ್ ಮೊಮ್ಮಗಳು, ಹನ್ನೊಂದು ವರ್ಷ. ಮೇಳಕ್ಕೆ ಮುಂಚೆ ಮಕ್ಕಳು ಮನೆಮನೆಗೆ ಬಂದು ಕರೆಯುವುದು ರೂಢಿ. ಕೈಯಲ್ಲಿ ತಾನೇ ಬರೆದ ಕಾಗದ, ಬಿಸ್ಕತ್ತು.

"ತಾತ ಇಲ್ಲಿಗೆ ಹೋಗ್ಬೇಡ ಅಂದಿದಾರೆ. ಹಲ್ಲು ಕೀಳಿಸೋಕೆ ಹೋಗಿದಾರೆ, ಅದಕ್ಕೇ ಬಂದೆ."

"ಒಂದೇನಾ? ಎಲ್ಲಾ ಕೀಳಿಸ್ಬಹುದಿತ್ತು. ಹಂದಿ ಹೆಸರೇನು?"

"ಮೇಯರ್. ಎಲ್ವಿನಜ್ಜ, ನೀವು ಬರ್ಲೇಬೇಕು. ನಮ್ಮನೆ ಹಂದಿ ಯಾವಾಗ್ಲೂ ನಿಮಗೇ ಅಂತ ಎಲ್ರಿಗೂ ಗೊತ್ತು. ಬೇರೆಯವರು ಕೈಯೇ ಎತ್ತಲ್ಲ."

ನಿಜ. ಸ್ವಂತ ಮನೆಯವರು ಕೊಳ್ಳುವಂತಿಲ್ಲ. ಯಾರೂ ಕೊಳ್ಳದಿದ್ದರೆ ದಲ್ಲಾಳಿ ಲಾರಿ, ಅವನು ಕೊಟ್ಟಷ್ಟೇ ದುಡ್ಡು. ಮೇವಿನ ಖರ್ಚೂ ಹುಟ್ಟದಿದ್ದರೆ ಮುಂದಿನ ವರ್ಷ ಮರಿ ಇಲ್ಲ ಎಂದಿದ್ದಾನಂತೆ ಅವಳಪ್ಪ.

ನಂಬರ್ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೂಂ ಅಂದೆ. ಬಿಸ್ಕತ್ತೂ ತಿಂದೆ.

ಜುಲೈ 18
ಕೂತರೆ ಏಳಬೇಕು, ಎದ್ದರೆ ಕೂರಬೇಕು. ಖಾಲಿ ಫ್ರೀಜರನ್ನು ಇನ್ನೊಮ್ಮೆ ತೊಳೆದೆ.

ಜುಲೈ 21
ಕಮಿಟಿಯ ವರ್ನೀಸಮ್ಮನ ಹತ್ತಿರ ಹೋದೆ.

"ಈ ಸಲ ತಮಾಷೆ ಇಲ್ಲ ಅಂದೆನಲ್ಲಮ್ಮ."

"ನೀನು ಹಾಗಂದ್ರೇನೇ ಭಯ ಆಗುತ್ತೆ. ಹ್ಯಾರ್ಲನ್ ಬಂದು ಹೇಳ್ಲಿ, ಕೊಡ್ತೀನಿ."

ಜುಲೈ 29
ಎರಡು ಸಲ ಅವನ ಗೇಟಿನವರೆಗೆ ಹೋಗಿ ವಾಪಸ್. ಮೂರನೇ ಸಲ ಬಾಗಿಲು ಬಡಿದೆ. ಮೆಟ್ಟಿಲ ಮೇಲೆ ಆಡೊಂದು ಅವನ ಟೋಪಿ ಅಗಿಯುತ್ತಿತ್ತು. ನಗು ಬಂತು, ನುಂಗಿದೆ.

"ತಪ್ಪಾಯ್ತು ಕಣೋ. ಬ್ರಿಟಾ ಹಂದಿ ಕೊಳ್ಬೇಕು, ವರ್ನೀಸಮ್ಮನಿಗೆ ಒಂದು ಮಾತು ಹೇಳು."

"ಇದರಲ್ಲಿ ಕಿತಾಪತಿ ಎಲ್ಲಿದೆ?"

"ಇಲ್ಲ."

ನನ್ನ ಕೈ ನೋಡಿದ, ಜೇಬು ನೋಡಿದ, ಬೆನ್ನ ಹಿಂದೆ ಇಣುಕಿದ.

"ಮಗು ದಿನಾ ಆ ಹಂದೀನ ವಾಕಿಂಗ್ ಕರ್ಕೊಂಡು ಹೋಗ್ತಾಳೆ," ಎಂದ. ಬಾಗಿಲು ಹಾಕಿಕೊಂಡ. ಹೂಂ ಅಂದನೋ, ಊಹೂಂ ಅಂದನೋ...

ಆಗಸ್ಟ್ 4, ಸಂಜೆ
ಬೆಳಿಗ್ಗೆ ಆರಕ್ಕೆ ಹಾರ್ನ್. ಹ್ಯಾರ್ಲನ್ ಪಿಕಪ್. "ಗಾಡಿ ಹತ್ತು," ಎಂದ. ಮೇಳದಲ್ಲಿ ನನ್ನ ಕಾರ್ಡ್ ಅವನ ಜೇಬಿನಿಂದ ಬಂತು. "ಒಂದೇ ಹಂದಿಗೆ. ಆಮೇಲೆ ವಾಪಸ್."

ಹಂದಿಗಳ ಸರದಿ ಕೊನೆಗೆ. ಅರ್ಧ ಜನ ಊಟಕ್ಕೆ ಎದ್ದಾಗಿತ್ತು. ಬ್ರಿಟಾ ಬಿಳಿ ಅಂಗಿ ಹಾಕಿ, ಕೋಲು ಹಿಡಿದು ಮೇಯರನನ್ನು ಒಳಗೆ ತಂದಳು. ಕೈ ಎತ್ತಿದೆ. ಬೇರೆ ಒಂದು ಕೈಯೂ ಏಳಲಿಲ್ಲ. ಅಷ್ಟು ಕಮ್ಮಿ ದರಕ್ಕೇ ಮುಗಿಯುವುದರಲ್ಲಿತ್ತು... ಪಕ್ಕದಿಂದ ನನ್ನ ಮೊಣಕೈಗೆ ತಿವಿತ. ಕೈ ಮೇಲೆ. ಮತ್ತೆ ತಿವಿತ. ಮತ್ತೆ ಮೇಲೆ.

ಹರಾಜು ಕೂಗುವವನು ನಿಂತ. "ಎಲ್ವಿನ್, ನಿನ್ನ ಬಿಡ್ ಮೇಲೆ ನೀನೇ ಏರಿಸ್ತಿದೀಯಲ್ಲಯ್ಯ."

ಹ್ಯಾರ್ಲನ್ ಚಾವಣಿ ನೋಡುತ್ತಿದ್ದ. ಕಿವಿ ಮಾತ್ರ ಕೆಂಪು.

"ಬರ್ಕೊಳಪ್ಪ," ಎಂದೆ.

ಆಗಸ್ಟ್ 5
ಮೇಯರ್ ಕಟುಕನ ಲಾರಿ ಹತ್ತಿದ. ಬ್ರಿಟಾ ಅವನ ಕುತ್ತಿಗೆ ತಬ್ಬಿ ಅತ್ತಳು. ಜೋಕೊಂದು ನಾಲಿಗೆ ತುದಿಗೆ ಬಂದಿತ್ತು. ಒಳಗೇ ಇಟ್ಟೆ. ಹಾಳಾದ್ದು, ರಾತ್ರಿಯಿಡೀ ಚುಚ್ಚಿತು.

ಆಗಸ್ಟ್ 23
ಮಾಂಸ ಬಂತು. ಫ್ರೀಜರ್ ಭರ್ತಿ. ಪ್ರತಿ ಪೊಟ್ಟಣದ ಮೇಲೂ ಬ್ರಿಟಾಳ ಹೆಸರು ಬರೆದೆ. ಮುಂದಿನ ವರ್ಷಕ್ಕೆ ಎರಡು ಮರಿ ಸಾಕುತ್ತಾಳಂತೆ. ಭಾನುವಾರ ತಿಂಡಿಗೆ ಬಾ ಎಂದು ಹ್ಯಾರ್ಲನ್‌ಗೆ ಹೇಳಿಕಳಿಸಿದ್ದೆ. ಬರಿಗೈಲಿ ಬರಲ್ಲ ಎಂದನಂತೆ. ಇವನಿಗೆ ಯಾವಾಗಿನಿಂದ ಇಷ್ಟು ಮರ್ಯಾದೆ?

ಆಗಸ್ಟ್ 25, ಎಂಟು ಗಂಟೆ
ಬಾಣಲೆ ಬಿಸಿಯಾಗಿದೆ. ಗೇಟಿನಲ್ಲಿ ಪಿಕಪ್. ಹ್ಯಾರ್ಲನ್ ಇಳಿದ, ಮುಖದ ತುಂಬಾ ನಗು. ಹಿಂದಿನ ಬಾಗಿಲು ತೆಗೆಯುತ್ತಿದ್ದಾನೆ. ಒಳಗೆ ಏನೋ ಮೇ ಅಂತಿದೆ. ಒಂದು... ಎರಡು... ಅಯ್ಯೋ, ಒಗೆದ ಬಟ್ಟೆ ಹೊರಗೇ ಇದೆ —